ಆರರಿಂದ ಎಂಟನೇ ತರಗತಿ ಮಕ್ಕಳಿಗೆ ಕೃಷಿ ವಿಜ್ಞಾನ ಕಲಿಸುವುದು ಹೇಗೆ: ಜೂನ್‌ನಿಂದ ನವೆಂಬರ್‌ವರೆಗಿನ ಮಾರ್ಗದರ್ಶಿ

ಉಳುಮೆ, ಬಿತ್ತನೆ, ಗೊಬ್ಬರ, ನೀರಾವರಿ, ಕಳೆ, ಕೊಯ್ಲು, ಸಂಗ್ರಹಣೆ. ಬೆಳೆಯ ಪಾಠ ಎಂದರೆ ಮಕ್ಕಳು ಈ ಏಳು ಹೆಸರನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಸಂಜೆ ಅದೇ ಮಗು ಅಪ್ಪನ ಜೊತೆ ಹೊಲದ ಬದುವಿನ ಮೇಲೆ ನಿಂತಾಗ ಆ ಪಾಠಕ್ಕೂ ಈ ಹೊಲಕ್ಕೂ ಸಂಬಂಧ ಇದೆ ಅಂತ ಅದಕ್ಕೆ ಅನಿಸುವುದೇ ಇಲ್ಲ. ಹಳ್ಳಿ ಮಕ್ಕಳಿಗೆ ಬೇಸಾಯ ಸಾಕಷ್ಟು ಗೊತ್ತಿರುತ್ತದೆ. ನೋಡಿದ್ದನ್ನು ಎಣಿಸಿ, ಅಳೆದು, ಹೋಲಿಸಿ ನೋಡುವ ಅಭ್ಯಾಸವೊಂದೇ ಬಾಕಿ. ಕೃಷಿ ವಿಜ್ಞಾನದ ಮೇಷ್ಟರು ಮಾಡಬೇಕಾದ ಕೆಲಸ ಅದು.

ಇಲ್ಲಿ ಹೇಳುವ ಕ್ರಮ ತುಮಕೂರು, ಕೋಲಾರ, ರಾಮನಗರದಂಥ ಮಳೆಯಾಶ್ರಿತ ಬಯಲುಸೀಮೆ ಶಾಲೆಗಳಿಗೆ. ಬೆಳೆ ರಾಗಿ, ಜೊತೆಗೆ ಒಂದಿಷ್ಟು ಅಲಸಂದೆ. ಶಾಲೆಯ ವರ್ಷಕ್ಕೆ ರಾಗಿ ಚೆನ್ನಾಗಿ ಹೊಂದುತ್ತದೆ. ಜೂನ್‌ನಲ್ಲಿ ತಯಾರಿ, ಜುಲೈನಲ್ಲಿ ಬಿತ್ತನೆ, ನವೆಂಬರ್‌ನಲ್ಲಿ ಕೊಯ್ಲು. ಮಲೆನಾಡು ಕರಾವಳಿಯವರು ಭತ್ತ ಇಟ್ಟುಕೊಳ್ಳಬಹುದು. ಉತ್ತರದ ಎರೆ ನೆಲದವರು ಹಿಂಗಾರಿನ ಬಿಳಿಜೋಳ, ಕಡಲೆ ಇಟ್ಟುಕೊಂಡು ತಿಂಗಳುಗಳನ್ನು ಮುಂದೆ ಸರಿಸಿಕೊಳ್ಳಬಹುದು. ಜಾಗವೇ ಇಲ್ಲದ ಪಟ್ಟಣದ ಶಾಲೆಯವರಿಗೆ ತಳಕ್ಕೆ ತೂತು ಮಾಡಿದ ಸಿಮೆಂಟ್ ಚೀಲ, ಹಳೇ ಪೇಂಟ್ ಬಕೆಟ್ ಸಾಕು. ಮಣ್ಣು, ಬೀಜ, ಹುಳದ ಪಾಠಗಳೆಲ್ಲ ಬಕೆಟ್‌ನಲ್ಲೂ ನಡೆಯುತ್ತವೆ. ಇಳುವರಿ ಲೆಕ್ಕಕ್ಕೆ ಮಾತ್ರ ನೆಲ ಬೇಕು.

ಶುರು ಮಾಡುವ ಮೊದಲು

ಅರ್ಧ ಗುಂಟೆ ಜಾಗ ಸಾಕು. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1089 ಚದರ ಅಡಿ. ಇದನ್ನು ಮಕ್ಕಳ ಕೈಯಲ್ಲೇ ಹಗ್ಗ ಹಿಡಿಸಿ ಅಳತೆ ಮಾಡಿಸಿ. ಮನೆಯಲ್ಲಿ ದಿನಾ ಕೇಳುವ ಎಕರೆ, ಗುಂಟೆ ಎಷ್ಟು ದೊಡ್ಡದು ಅಂತ ಬಹಳ ಮಕ್ಕಳಿಗೆ ಅಂದಾಜಿರುವುದಿಲ್ಲ. ಎರಡು ಗುದ್ದಲಿ, ಎರಡು ಮಂಕರಿ, ಕೆಲವು ಕುರ್ಚಿಗೆ, ಗೂಟ, ಹುರಿ, ಅಳತೆ ಪಟ್ಟಿ, ಗ್ರಾಂ ತೋರಿಸುವ ಒಂದು ತಕ್ಕಡಿ, ಒಂದು ಭೂತಗನ್ನಡಿ ಹೊಂದಿಸಿಕೊಳ್ಳಿ. ಬೇಲಿ ಮೊದಲು ಆಗಲಿ. ರಜೆಯ ದಿನ ಒಂದೇ ಒಂದು ಮೇಕೆ ನುಗ್ಗಿದರೂ ಇಡೀ ವರ್ಷದ ಪ್ರಯೋಗ ಮುಗಿದ ಹಾಗೆ. ದಸರಾ ರಜೆಯಲ್ಲಿ ತೋಟ ನೋಡಿಕೊಳ್ಳುವವರು ಯಾರು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಜೂನ್‌ನಲ್ಲೇ ಗೊತ್ತು ಮಾಡಿಕೊಳ್ಳಿ.

ಮೂರು ಮಾತು ಗಟ್ಟಿಯಾಗಿ ಹೇಳಬೇಕು. ಒಂದು, ತೋಟದ ಕೆಲಸ ಯಾವತ್ತೂ ಶಿಕ್ಷೆಯಾಗಬಾರದು. ಹೋಂವರ್ಕ್ ಮಾಡದ ಹುಡುಗನನ್ನು ಕಳೆ ಕೀಳಲು ಕಳಿಸಿದರೆ ಅವನು ಕೃಷಿ ಬಗ್ಗೆ ಏನು ಕಲಿಯುತ್ತಾನೆ ಅಂತ ಯೋಚಿಸಿ. ಎರಡು, ಸಗಣಿ ಹೊರುವುದು, ಗುಂಡಿ ತೋಡುವುದು, ನೀರು ಹಾಕುವುದು, ಲೆಕ್ಕ ಬರೆಯುವುದು ಎಲ್ಲವೂ ಸರದಿ ಪ್ರಕಾರ ಎಲ್ಲರಿಗೂ ಬರಲಿ. ಸಗಣಿ ಕೆಲಸ ಕೆಲವು ಮಕ್ಕಳಿಗೇ, ಗುಡಿಸುವುದು ಹುಡುಗಿಯರಿಗೇ, ಪುಸ್ತಕ ಹಿಡಿಯುವುದು ಇನ್ಯಾರಿಗೋ ಅಂತಾದರೆ ಶಾಲೆಯೇ ಜಾತಿ ಪಾಠ ಮಾಡಿದಂತೆ. ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಮೂರು, ಶಾಲೆಯ ತೋಟದಲ್ಲಿ ಕೀಟನಾಶಕ ಬೇಡವೇ ಬೇಡ. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ಓದುವುದನ್ನು ಮಾತ್ರ ಚಿತ್ರ ತೋರಿಸಿ ಕಲಿಸಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮನೆಯಲ್ಲಿ ಆ ಡಬ್ಬಿಗಳು ಇರುತ್ತವೆ, ಹಾಗಾಗಿ ಇದು ಜೀವ ಉಳಿಸುವ ಪಾಠ.

ಹೆಜ್ಜೆ 1: ಮಳೆ ಅಳೆಯುವುದು (ಜೂನ್ ಮೊದಲ ವಾರ)

ನೇರ ಗೋಡೆಯ 2 ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳ ಏರುಪೇರಾಗಿರುವುದರಿಂದ ಒಳಗೆ ಸಣ್ಣ ಕಲ್ಲು ಹಾಕಿ, ನೇರ ಭಾಗ ಶುರುವಾಗುವಷ್ಟು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಗುರುತು ಮಾಡಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಮರ, ಗೋಡೆಗಳಿಂದ ದೂರ, ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ಓದಿ ಬರೆದು, ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಓದುತ್ತದೆ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಇಲಾಖೆ ಮಳೆ ದಿನ ಎನ್ನುತ್ತದೆ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಇದು ತಲೆಗೆ ಹೋದರೆ ಉಳಿದ ಲೆಕ್ಕ ಮಕ್ಕಳೇ ಮಾಡುತ್ತಾರೆ. 100 ಚದರ ಮೀಟರ್ ಶಾಲೆ ಚಾವಣಿ ಮೇಲೆ 20 ಮಿ.ಮೀ. ಬಿದ್ದರೆ 2000 ಲೀಟರ್. ಅಷ್ಟೂ ಚರಂಡಿಗೆ ಹೋಯಿತು ಅಂತ ಅವರೇ ಹೇಳಲಿ.

ಇಲ್ಲಿ ಹಿರಿಯರ ಜ್ಞಾನವನ್ನೂ ಸೇರಿಸಿಕೊಳ್ಳಿ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು. 365 ದಿನವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 13-14 ದಿನ. ಹಾಗಾಗಿ ಮೃಗಶಿರಾ ಪ್ರತಿ ವರ್ಷ ಜೂನ್ 8ರ ಹೊತ್ತಿಗೆ, ಆರಿದ್ರಾ ಜೂನ್ 22ರ ಹೊತ್ತಿಗೆ ಹುಟ್ಟುತ್ತದೆ. ಮಕ್ಕಳು ಮಳೆ ಚಾರ್ಟನ್ನು ತಿಂಗಳ ಜೊತೆಗೆ ನಕ್ಷತ್ರದ ಪ್ರಕಾರವೂ ಬರೆಯಲಿ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಅಂತ ಅಜ್ಜ ಹೇಳುತ್ತಾರಲ್ಲ, ನಮ್ಮೂರಲ್ಲಿ ಆರಿದ್ರಾಕ್ಕೆ ನಿಜವಾಗಿ ಎಷ್ಟು ಮಿಲಿಮೀಟರ್ ಬಂತು? ಚಾರ್ಟನ್ನು ವರ್ಷ ವರ್ಷ ಮುಂದುವರಿಸಿ, ಮುಂದಿನ ತಂಡಕ್ಕೆ ಒಪ್ಪಿಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅದರ ಅಂಕಿಯ ಜೊತೆ ನಿಮ್ಮ ಬಾಟಲಿಯ ಅಂಕಿ ಹೋಲಿಸಿ ನೋಡಿ. ಒಂದೇ ಪಂಚಾಯಿತಿಯೊಳಗೆ ಮಳೆ ಎಷ್ಟು ವ್ಯತ್ಯಾಸವಾಗುತ್ತದೆ ಎನ್ನುವುದೂ ಒಂದು ಪಾಠವೇ.

ಹೆಜ್ಜೆ 2: ಮಣ್ಣು (ಜೂನ್ ಪೂರ್ತಿ)

ಇದಕ್ಕೆ ಜಾಸ್ತಿ ಸಮಯ ಕೊಡಿ. ಅವಸರ ಮಾಡಬೇಡಿ. ಪ್ರತಿ ಮಗು ಮನೆ ಹೊಲದಿಂದ ಎರಡು ಬೊಗಸೆ ಮಣ್ಣು ತರಲಿ. ಹೊಲವಿಲ್ಲದವರು ಕೆರೆ ಅಂಗಳದ್ದೋ ರಸ್ತೆ ಬದಿಯದ್ದೋ ತರಲಿ, ಅದಕ್ಕೂ ಅಷ್ಟೇ ಬೆಲೆ.

ಮೊದಲು ಕೈಗೆ ಕೆಲಸ. ಮಣ್ಣಿಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಉಂಡೆ ಮಾಡಬೇಕು. ಆ ಉಂಡೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯ ಹಾಗೆ ಹೊರಗೆ ತಳ್ಳಬೇಕು. ಮರಳು ಮಣ್ಣು ಉಂಡೆಯೇ ಆಗುವುದಿಲ್ಲ. ಕೆಂಪು ಮರಳುಮಿಶ್ರಿತ ಮಣ್ಣಿನ ಪಟ್ಟಿ ಬೇಗ ಮುರಿಯುತ್ತದೆ. ಎರೆ ಮಣ್ಣಿನದು ಉದ್ದಕ್ಕೆ ಬಂದು ಬೆರಳಿನಿಂದ ಜೋತುಬೀಳುತ್ತದೆ. ಪಟ್ಟಿ ಎಷ್ಟು ಸೆಂಟಿಮೀಟರ್ ಆದಾಗ ಮುರಿಯಿತು ಅಂತ ಅಳೆದು ಬರೆಸಿ.

ಆಮೇಲೆ ಬಾಟಲಿ ಪರೀಕ್ಷೆ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಾಡಿದ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಮುಚ್ಚಳ ಬಿಗಿದು ಐದು ನಿಮಿಷ ಚೆನ್ನಾಗಿ ಕುಲುಕಿ, ಅಲುಗಾಡದ ಜಾಗದಲ್ಲಿ ಇಡಿ. ದಪ್ಪ ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಅದರ ಮೇಲೆ ನುಣುಪಾದ ಗೋಡು ಕೂರಲು ಕೆಲವು ಗಂಟೆ ಬೇಕು. ಜೇಡಿ ಕಣಗಳು ಒಂದು ದಿನವಾದರೂ ನೀರಿನಲ್ಲೇ ತೇಲುತ್ತಿರುತ್ತವೆ. ಮಾರನೇ ದಿನ, ಅದರ ಮಾರನೇ ದಿನ ಪದರಗಳ ದಪ್ಪ ಅಳೆದು, ಪ್ರತಿಯೊಂದೂ ಶೇಕಡಾ ಎಷ್ಟು ಅಂತ ಲೆಕ್ಕ ಹಾಕಿಸಿ. ನೀರಿನ ಮೇಲೆ ತೇಲುವ ಕಸಕಡ್ಡಿ ಸಾವಯವ ಅಂಶ ಅಂತ ತೋರಿಸಿ.

ಈಗ ಒಂದು ಬಾಟಲಿಗೆ ಬೆದ್ದಲು ಹೊಲದ ಕೆಂಪು ಮಣ್ಣು, ಪಕ್ಕದ ಬಾಟಲಿಗೆ ಕೆರೆಗೋಡು (ಕೆರೆಯ ಹೂಳು) ಹಾಕಿ ಇದೇ ಪರೀಕ್ಷೆ ಮಾಡಿಸಿ. ಕೆರೆಗೋಡಿನ ಬಾಟಲಿಯಲ್ಲಿ ಮರಳಿನ ಪದರ ತೆಳ್ಳಗೆ, ಜೇಡಿಯ ಪದರ ದಪ್ಪ ಇರುತ್ತದೆ. ಆಮೇಲೆ ಎರಡರಿಂದಲೂ ಒಣಗಿದ ಮಣ್ಣು 200 ಗ್ರಾಂ ತೂಗಿ, ತೂತಿರುವ ಎರಡು ಲೋಟಕ್ಕೆ ಬಟ್ಟೆ ಹಾಸಿ ತುಂಬಿ, ತಲಾ 200 ಮಿ.ಲೀ. ನೀರು ಹೊಯ್ಯಿರಿ. ಕೆಳಗೆ ಎಷ್ಟು ಬಸಿಯಿತು ಅಳೆಯಿರಿ. ಬಸಿಯದೇ ಉಳಿದ ನೀರು ಮಣ್ಣು ಹಿಡಿದಿಟ್ಟುಕೊಂಡದ್ದು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡನ್ನು ಗಾಡಿ, ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹೊಡೆಸುವುದನ್ನು ಈ ಮಕ್ಕಳು ನೋಡಿರುತ್ತಾರೆ. ಏಕೆ ಹೊಡೆಸುತ್ತಾರೆ ಎನ್ನುವ ಪ್ರಶ್ನೆಗೆ ಅವರ ಕೈಯಲ್ಲೇ ಉತ್ತರ ಸಿಕ್ಕಿತಲ್ವಾ? ಹೀಗೆ ಸಿಕ್ಕ ಉತ್ತರ ಮರೆಯುವುದಿಲ್ಲ.

ಕೊನೆಗೆ ಮಣ್ಣು ಮಾದರಿ ತೆಗೆಯುವುದು ಕಲಿಸಿ. ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳಕ್ಕೆ 'ವಿ' ಆಕಾರದ ಗುಂಡಿ ತೆಗೆದು, ಅದರ ಗೋಡೆಯಿಂದ ಒಂದೇ ದಪ್ಪಕ್ಕೆ ಮಣ್ಣು ಕೆರೆಯಬೇಕು. ಐದಾರು ಕಡೆಯದನ್ನು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಮತ್ತೆ ಬೆರೆಸಿ, ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಬೇಕು. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಮಣ್ಣು ಆರೋಗ್ಯ ಕಾರ್ಡ್ ಮನೆಯಲ್ಲಿದ್ದರೆ ತರಲಿ. ಅದರಲ್ಲಿ 12 ಅಂಶ ಇರುತ್ತವೆ. ಏಳನೇ ತರಗತಿ ಮಕ್ಕಳಿಗೆ ರಸಸಾರ (ಪಿಎಚ್), ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶ್ ಇಷ್ಟು ಓದಲು ಬಂದರೆ ಸಾಕು.

ಹೆಜ್ಜೆ 3: ಬೀಜ (ಜೂನ್ ಕೊನೆ)

ಮನೆಯ ಬಿತ್ತನೆ ರಾಗಿ ಒಂದು, ಅಂಗಡಿಯ ತಿನ್ನುವ ರಾಗಿ ಒಂದು, ಎರಡು ಮೂರು ವರ್ಷದ ಹಳೇ ರಾಗಿ ಸಿಕ್ಕರೆ ಅದೂ ಒಂದು. ಪ್ರತಿಯೊಂದರಿಂದ ಆರಿಸದೆ 100 ಕಾಳು ಎಣಿಸಿ, ಒದ್ದೆ ಕಾಗದದ ಮೇಲೆ ಹತ್ತು ಹತ್ತರ ಸಾಲಿನಲ್ಲಿ ಇಟ್ಟು, ಸುತ್ತಿ, ತೇವ ಆರದಂತೆ ನೋಡಿಕೊಳ್ಳಿ. ಎಂಟನೇ ದಿನ ಬಿಚ್ಚಿ ಮೊಳಕೆ ಎಣಿಸಿ. ಪ್ರಮಾಣಿತ ರಾಗಿ ಬೀಜ ಎನಿಸಿಕೊಳ್ಳಲು ಕನಿಷ್ಠ ಶೇ. 75 ಮೊಳೆಯಬೇಕು. 'ಆರಿಸದೆ' ಎನ್ನುವುದು ಮುಖ್ಯ. ಮಕ್ಕಳು ದಪ್ಪ ದಪ್ಪ ಕಾಳನ್ನೇ ಎತ್ತಿಕೊಳ್ಳುತ್ತಾರೆ. ಆಗ ಆ ಲೆಕ್ಕ ಇಡೀ ಚೀಲದ್ದಾಗುವುದಿಲ್ಲ ಅಂತ ಅಲ್ಲೇ ಮಾತಾಡಿ.

ಬಣ್ಣ ಹಚ್ಚಿದ ಬೀಜ ಬಂದರೆ ಮಕ್ಕಳ ಕೈಗೆ ಕೊಡಬೇಡಿ. ಅದು ಔಷಧಿ ಉಪಚಾರ ಮಾಡಿದ ಬೀಜ.

ಆಳದ ಪ್ರಯೋಗವೂ ಆಗಲಿ. ಗಾಜಿನ ಲೋಟದ ಅಂಚಿಗೆ ಕಾಣುವಂತೆ ರಾಗಿಯನ್ನೂ ಅಲಸಂದೆಯನ್ನೂ 2, 5 ಮತ್ತು 10 ಸೆಂ.ಮೀ. ಆಳಕ್ಕೆ ಹಾಕಿ. ಒಂದು ಗ್ರಾಂಗೆ 300ಕ್ಕೂ ಹೆಚ್ಚು ರಾಗಿ ಕಾಳು ತೂಗುತ್ತವೆ. ಅಷ್ಟು ಪುಟ್ಟ ಕಾಳಿನ ಬುತ್ತಿ ಆಳದಿಂದ ಮೇಲೆ ಬರುವಷ್ಟಕ್ಕೆ ಸಾಲುವುದಿಲ್ಲ. ರಾಗಿಯನ್ನು ಮೇಲೆಮೇಲೆ ಬಿತ್ತುವ ಕಾರಣ ಇದೇ.

ಬಿತ್ತನೆ ಬೀಜ ತೆಗೆದಿಡುವ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಸಿ. ಪ್ರಶ್ನೆಗಳನ್ನು ಮಕ್ಕಳು ಮೊದಲೇ ಬರೆದುಕೊಂಡಿರಲಿ: 'ಅಜ್ಜಿ, ತೆನೆ ಆರಿಸೋವಾಗ ಏನು ನೋಡ್ತೀರಿ?', 'ಹುಳ ಬೀಳದ ಹಾಗೆ ಏನು ಹಾಕ್ತೀರಿ?' ಅದರ ಜೊತೆಗೇ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರ ಕಥೆ ಹೇಳಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಅವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿ ಹೂವನ್ನು ಭೂತಗನ್ನಡಿಯಲ್ಲಿ ಒಂದು ಸಲ ತೋರಿಸಿ. ಅಷ್ಟು ಸಣ್ಣ ಹೂವಿನಲ್ಲಿ ಪರಾಗ ಬದಲಿಸುವುದು ಎಂಥ ಕೆಲಸ ಅಂತ ಮಕ್ಕಳಿಗೆ ಆಗ ಅಂದಾಜಾಗುತ್ತದೆ.

ಹೆಜ್ಜೆ 4: ಬಿತ್ತನೆ ಮತ್ತು ಒಂದೇ ವ್ಯತ್ಯಾಸದ ನಿಯಮ (ಜುಲೈ)

2 ಮೀಟರ್ ಉದ್ದ, 2 ಮೀಟರ್ ಅಗಲದ ಆರು ಮಡಿ ಮಾಡಿ. ಮೂರಕ್ಕೆ ಕೊಟ್ಟಿಗೆ ಗೊಬ್ಬರ, ಮೂರಕ್ಕೆ ಏನೂ ಇಲ್ಲ. ಬೀಜ, ಬಿತ್ತಿದ ದಿನ, ಸಾಲಿನ ಅಂತರ, ಕಳೆ ತೆಗೆಯುವ ದಿನ ಎಲ್ಲವೂ ಆರಕ್ಕೂ ಒಂದೇ. ಗೊಬ್ಬರ ಒಂದೇ ವ್ಯತ್ಯಾಸ. ಎರಡು ವಿಷಯ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಹೇಳಲು ಬರುವುದಿಲ್ಲ. ಈ ಮಾತು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಯಾವ ಮಡಿಗೆ ಗೊಬ್ಬರ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ನಾವೇ ಆರಿಸಿದರೆ ಒಳ್ಳೆ ಜಾಗಕ್ಕೇ ಗೊಬ್ಬರ ಹಾಕಿಬಿಡುತ್ತೇವೆ. ತಲಾ ಮೂರು ಮಡಿ ಏಕೆ ಅಂದರೆ, ಒಂದು ಮಡಿಯಲ್ಲಿ ನೀರು ನಿಲ್ಲಬಹುದು, ಇನ್ನೊಂದರ ಮೇಲೆ ಬೇವಿನ ಮರದ ನೆರಳು ಬೀಳಬಹುದು. ವಿಶ್ವವಿದ್ಯಾಲಯಗಳ ಕ್ಷೇತ್ರ ಪ್ರಯೋಗವೂ ಇದೇ ತತ್ವದ ಮೇಲೆ ನಡೆಯುತ್ತದೆ. ಎಂಟನೇ ತರಗತಿಗೆ ಇದು ಖಂಡಿತ ಕಷ್ಟವಲ್ಲ.

ಗೊಬ್ಬರದ ಲೆಕ್ಕ ಅವರೇ ಮಾಡಲಿ. ಹೆಕ್ಟೇರಿಗೆ 7.5 ಟನ್ ಎಂದು ಹಿಡಿದರೆ ಚದರ ಮೀಟರಿಗೆ 750 ಗ್ರಾಂ, 4 ಚದರ ಮೀಟರ್ ಮಡಿಗೆ 3 ಕಿಲೋ. ರಸಗೊಬ್ಬರದ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ. ಯೂರಿಯಾದಲ್ಲಿ ಸಾರಜನಕ ಶೇ. 46. ಹಾಗಾದರೆ 45 ಕಿಲೋ ಚೀಲದಲ್ಲಿ ಎಷ್ಟು? 20.7 ಕಿಲೋ. ಚೀಲದ ಮೇಲಿನ ಅಂಕಿ ಓದಲು ಬಂದ ಮಗು ಮನೆಯವರಿಗೆ ನೆರವಾಗುತ್ತದೆ.

ಮಳೆ ಬಿದ್ದು ಹದ ಬಂದ ಮೇಲೆ ಬಿತ್ತಿ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿದಾಗ ಉಂಡೆಯಾಗಿ, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಅಂಟಿಕೊಂಡರೆ ಇನ್ನೂ ಹಸಿ, ಉದುರಿಹೋದರೆ ಒಣಗಿದೆ. ಸಾಲಿನ ನಡುವೆ 30 ಸೆಂ.ಮೀ., ಮೊಳೆತ ಮೇಲೆ ಪೈರಿನ ನಡುವೆ 10 ಸೆಂ.ಮೀ. ಬಿಟ್ಟು ಉಳಿದದ್ದನ್ನು ಕಿತ್ತುಬಿಡಿ. ಅಲಸಂದೆಗೆ ಪಕ್ಕದಲ್ಲಿ ಬೇರೆ ಮಡಿ ಮಾಡಿ. ಹೊಲದಲ್ಲಿ ರಾಗಿಯ ನಡುನಡುವೆ ಅಲಸಂದೆಯ ಅಕ್ಕಡಿ ಸಾಲು ಹಾಕುತ್ತಾರೆ ನಿಜ, ಆದರೆ ಈ ಆರು ಮಡಿಯೊಳಗೆ ಹಾಕಿದರೆ ಒಂದೇ ವ್ಯತ್ಯಾಸದ ನಿಯಮ ಮುರಿಯುತ್ತದೆ.

ಇದೇ ತಿಂಗಳು ಕಾಂಪೋಸ್ಟ್ ಗುಡ್ಡೆಯನ್ನೂ ಶುರು ಮಾಡಿ. ಒಣ ಎಲೆ, ಬಿಸಿಯೂಟದ ತರಕಾರಿ ಸಿಪ್ಪೆ, ಸಗಣಿ ನೀರು, ತೆಳ್ಳಗೆ ಮಣ್ಣು, ಪದರ ಪದರವಾಗಿ. ವಾರದ ಮೇಲೆ ಕಬ್ಬಿಣದ ಸರಳನ್ನು ಗುಡ್ಡೆಯೊಳಗೆ ಐದು ನಿಮಿಷ ಚುಚ್ಚಿಟ್ಟು ತೆಗೆದು ಮುಟ್ಟಿ ನೋಡಲಿ. ಬಿಸಿ ಎಲ್ಲಿಂದ ಬಂತು ಎನ್ನುವುದೇ ಸೂಕ್ಷ್ಮಜೀವಿಗಳ ಪಾಠದ ಮೊದಲ ಪ್ರಶ್ನೆ.

ಹೆಜ್ಜೆ 5: ಕಳೆ ಮತ್ತು ಬೇರುಗಂಟು (ಆಗಸ್ಟ್)

ಕಳೆ ಕೀಳುವಾಗ ಹೆಸರು ಹೇಳಿಸಿ. ಗರಿಕೆ, ಕೊನ್ನಾರಿ, ತುಂಬೆ, ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪು. ಇದರಲ್ಲಿ ಕೆಲವನ್ನು ಮನೆಯಲ್ಲಿ ಬೆರಕೆ ಸೊಪ್ಪಿನ ಸಾರಿಗೆ ಹಾಕುತ್ತಾರೆ. ಹಾಗಾದರೆ ಅದು ಕಳೆಯೋ ಬೆಳೆಯೋ? ಚರ್ಚೆ ಮಾಡಿಸಿ. ಕಾಂಗ್ರೆಸ್ ಗಿಡ ಮಾತ್ರ ಮಕ್ಕಳು ಮುಟ್ಟಬಾರದು. ಅದರಿಂದ ಚರ್ಮಕ್ಕೂ ಉಸಿರಿಗೂ ಅಲರ್ಜಿ ಬರುತ್ತದೆ.

ಬಿತ್ತಿ 35-40 ದಿನವಾದ ಅಲಸಂದೆ ಗಿಡವೊಂದನ್ನು ಕೀಳಬೇಡಿ, ಸುತ್ತ ಅಗೆದು ಹೆಂಟೆ ಸಮೇತ ಎತ್ತಿ. ಕಿತ್ತರೆ ಗಂಟುಗಳು ಮಣ್ಣಲ್ಲೇ ಕಳಚಿಕೊಳ್ಳುತ್ತವೆ. ಬಕೆಟ್ ನೀರಿನಲ್ಲಿ ನೆನೆಸಿ ಮೆಲ್ಲಗೆ ಅಲ್ಲಾಡಿಸಿದರೆ ಬೇರು ಸ್ವಚ್ಛವಾಗಿ, ಸಾಸಿವೆಯಿಂದ ಹಿಡಿದು ಕಡಲೆ ಗಾತ್ರದವರೆಗಿನ ಗಂಟುಗಳು ಕಾಣುತ್ತವೆ. ಮುಖ್ಯ ಬೇರಿನ ಮೇಲೆ ಎಷ್ಟು, ಪಕ್ಕದ ಬೇರಿನ ಮೇಲೆ ಎಷ್ಟು ಎಣಿಸಲಿ. ಒಂದು ಗಂಟನ್ನು ನೀವು ಬ್ಲೇಡಿನಿಂದ ಕತ್ತರಿಸಿ ತೋರಿಸಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಅದರೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುವ ಕೆಲಸದಲ್ಲಿದೆ ಅಂತ ಅರ್ಥ. ಬೆಳ್ಳಗಿದ್ದರೆ ಎಳೆಯದು, ಹಸಿರೋ ಕಂದೋ ಆಗಿದ್ದರೆ ಅದರ ಕೆಲಸ ಮುಗಿದಿದೆ. ಆ ಕೆಂಪು ಬಣ್ಣದ ವಸ್ತು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟ. ಪಕ್ಕದಲ್ಲಿ ರಾಗಿಯ ಬೇರು ತೊಳೆದಿಡಿ. ತಂತುಬೇರು, ಗಂಟೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅಕ್ಕಡಿ ಹಾಕಿದರೆ ಅದೇ ವರ್ಷ ಪಕ್ಕದ ರಾಗಿಗೆ ಬೇಕಾದಷ್ಟು ಸಾರಜನಕ ಸಿಗುತ್ತದೆ ಅಂತ ಹೇಳಿಬಿಡಬೇಡಿ. ಹೆಚ್ಚಿನ ಲಾಭ ಸಿಗುವುದು ಬೇರು, ಎಲೆ ಮಣ್ಣಲ್ಲಿ ಕೊಳೆತ ಮೇಲೆ, ಮುಂದಿನ ಬೆಳೆಗೆ.

ಹೆಜ್ಜೆ 6: ಹುಳಗಳು (ಸೆಪ್ಟೆಂಬರ್)

ಅಲಸಂದೆಯ ಎಳೆ ಕುಡಿಗೆ ರಸ ಹೀರುವ ಕಪ್ಪು ಹೇನು ಸಾಮಾನ್ಯವಾಗಿ ಬಂದೇ ಬರುತ್ತದೆ. ಬಂದರೆ ಗಾಬರಿ ಬೇಡ, ಪಾಠ ಬಂತು ಅಂದುಕೊಳ್ಳಿ. ಹತ್ತು ಕುಡಿಗೆ ದಾರ ಕಟ್ಟಿ ನಂಬರ್ ಹಾಕಿ. ವಾರಕ್ಕೆ ಎರಡು ಸಲ ಹೇನು, ಇರುವೆ, ಹೇನು ತಿನ್ನುವ ಗುಲಗಂಜಿ ಹುಳ ಮೂರನ್ನೂ ಎಣಿಸಿ. ಹೇನು ನೂರು ದಾಟಿದರೆ 'ಬಹಳ' ಅಂತ ಬರೆದರೂ ಸಾಕು. ಇರುವೆಗಳು ಹೇನು ಸುರಿಸುವ ಸಿಹಿ ಅಂಟಿಗಾಗಿ ಬರುತ್ತವೆ, ಬದಲಿಗೆ ಅದನ್ನು ಕಾಯುತ್ತವೆ.

ಗುಲಗಂಜಿ ಹುಳದ ಮರಿಯನ್ನು ಖಂಡಿತ ತೋರಿಸಿ. ಅದು ದೊಡ್ಡ ಹುಳದ ಹಾಗೆ ಚೆಂದ ಇರುವುದಿಲ್ಲ. ಉದ್ದಕ್ಕೆ, ಕಪ್ಪಗೆ, ಕಿತ್ತಳೆ ಮಚ್ಚೆಯೊಂದಿಗೆ ಮುಳ್ಳುಮುಳ್ಳಾಗಿ ಕಾಣುತ್ತದೆ. ಪೀಡೆ ಅಂದುಕೊಂಡು ಹೊಸಕಿಹಾಕುವವರೇ ಜಾಸ್ತಿ. ಒಂದು ಮರಿಯನ್ನು ಹೇನಿರುವ ಕುಡಿಯ ಜೊತೆ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಒಂದು ದಿನದಲ್ಲಿ ಎಷ್ಟು ಹೇನು ತಿಂದಿತು ಅಂತ ಎಣಿಸಲಿ. ಆಮೇಲೆ ಕೇಳಿ: ಹೇನು ಕಂಡ ದಿನವೇ ಔಷಧಿ ಹೊಡೆದಿದ್ದರೆ ಇದಕ್ಕೆ ಏನಾಗುತ್ತಿತ್ತು?

ಊರಲ್ಲಿ ಮುಸುಕಿನ ಜೋಳ ಇದ್ದರೆ ಸೈನಿಕ ಹುಳುವನ್ನೂ ಗುರುತಿಸಬಹುದು. ತಲೆಯ ಮೇಲೆ ತಲೆಕೆಳಗಾದ 'ವೈ' ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ರೋಗದ ಪಾಠಕ್ಕೆ ಅಡಿಕೆಯ ಕೊಳೆರೋಗದ ಕಥೆ ಒಳ್ಳೆಯದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಆ ರೋಗವನ್ನು ಅಧ್ಯಯನ ಮಾಡಿ, ಮಳೆಗೆ ಮುಂಚೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸುವ ದಾರಿ ತೋರಿಸಿದರು. ಅದು ಇವತ್ತಿಗೂ ಬಳಕೆಯಲ್ಲಿದೆ.

ಹೆಜ್ಜೆ 7: ಕೊಯ್ಲು ಮತ್ತು ಲೆಕ್ಕ (ನವೆಂಬರ್)

ಹುರಿಯಿಂದ ಒಂದು ಚದರ ಮೀಟರ್ ಚೌಕ ಮಾಡಿ, ಪ್ರತಿ ಮಡಿಯ ನಡುವೆ ಇಟ್ಟು, ಅದರೊಳಗಿನ ತೆನೆ ಮಾತ್ರ ಬೇರೆ ಕೊಯ್ಯಿರಿ. ಅಂಚಿನ ಸಾಲಿಗೆ ಬಿಸಿಲು, ಜಾಗ ಎರಡೂ ಜಾಸ್ತಿ. ಅದನ್ನು ಸೇರಿಸಿದರೆ ಲೆಕ್ಕ ಉಬ್ಬುತ್ತದೆ. ಒಣಗಿಸಿ, ಬಡಿದು, ತೂರಿ, ಕಾಳು ತೂಗಿ. ಚದರ ಮೀಟರಿಗೆ 250 ಗ್ರಾಂ ಬಂದರೆ ಎಕರೆಗೆ ಸುಮಾರು 10 ಕ್ವಿಂಟಲ್. ಮನೆಯ ಹೊಲದಲ್ಲಿ ಎಷ್ಟು ಬಂತು ಅಂತ ಮಕ್ಕಳು ಕೇಳಿಕೊಂಡು ಬರಲಿ.

ಗೊಬ್ಬರದ ಮೂರು ಮಡಿಯ ಸರಾಸರಿ, ಗೊಬ್ಬರ ಇಲ್ಲದ ಮೂರರ ಸರಾಸರಿ ಪಕ್ಕಪಕ್ಕ ಬರೆಯಿರಿ. ಸರಾಸರಿಗಿಂತ ಮೊದಲು ಒಂದೊಂದು ಮಡಿಯ ಅಂಕಿ ನೋಡಿ. ಗೊಬ್ಬರದ ಮೂರು ಮಡಿಗಳ ನಡುವೆಯೇ 80 ಗ್ರಾಂ ಏರುಪೇರಿದ್ದು, ಎರಡು ಸರಾಸರಿಗಳ ನಡುವೆ 20 ಗ್ರಾಂ ಮಾತ್ರ ವ್ಯತ್ಯಾಸ ಇದ್ದರೆ, 'ಈ ವರ್ಷ ಹೇಳಲು ಆಗುವುದಿಲ್ಲ' ಎನ್ನುವುದೇ ಸರಿ ಉತ್ತರ. ಹಾಗೆ ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ. ನಾವು ಬಯಸಿದ ಉತ್ತರ ಬರಲಿ ಅಂತ ಅಂಕಿ ತಿದ್ದಲು ಬಿಡಬೇಡಿ.

ಮೌಲ್ಯಮಾಪನ

ಒಟ್ಟು ಅಂಕದಲ್ಲಿ ಅರ್ಧ ಭಾಗ ವರ್ಷವಿಡೀ ಬರೆದ ಹೊಲದ ಪುಸ್ತಕಕ್ಕೆ. ಅದರಲ್ಲಿ ಚಿತ್ರ ಚೆಂದ ಇರಬೇಕಿಲ್ಲ. ತಾರೀಖು, ಅಳತೆ, ಯಾರು ಅಳೆದರು ಇರಬೇಕು. ಉಳಿದ ಅಂಕಕ್ಕೆ ವ್ಯಾಖ್ಯಾನ ಕೇಳದೆ ಇಂಥ ಪ್ರಶ್ನೆ ಕೇಳಿ: 'ನಿಮ್ಮ ಹೊಲದ ಒಂದು ಮೂಲೆಯಲ್ಲಿ ಮಾತ್ರ ರಾಗಿ ಹಳದಿಯಾಗಿದೆ. ಕಾರಣ ತಿಳಿಯಲು ಏನೇನು ನೋಡುತ್ತೀರಿ, ಯಾವ ಕ್ರಮದಲ್ಲಿ?' 'ಒಬ್ಬರು ಹೊಸ ಟಾನಿಕ್ ಹಾಕಿ ಇಳುವರಿ ಹೆಚ್ಚಾಯಿತು ಎನ್ನುತ್ತಾರೆ. ಅವರು ಅದೇ ವರ್ಷ ಬೀಜವನ್ನೂ ಬದಲಾಯಿಸಿದ್ದಾರೆ. ಅವರಿಗೆ ನೀವು ಏನು ಕೇಳುತ್ತೀರಿ?' ಬರೆಯಲು ಕಷ್ಟಪಡುವ ಮಕ್ಕಳಿಗೆ ಇದೇ ಪ್ರಶ್ನೆಯನ್ನು ತೋಟದಲ್ಲಿ ನಿಂತು ಬಾಯಲ್ಲಿ ಕೇಳಿ. ತರಗತಿಯಲ್ಲಿ ಮೌನವಾಗಿರುವ ಎಷ್ಟೋ ಮಕ್ಕಳು ಮಡಿಯ ಪಕ್ಕ ನಿಂತಾಗ ಚೆನ್ನಾಗಿ ಮಾತಾಡುತ್ತಾರೆ, ಆ ಉತ್ತರಕ್ಕೂ ಲಿಖಿತ ಉತ್ತರದಷ್ಟೇ ಅಂಕ ಇರಲಿ.